ರೇಖೆ ಬಾಗಿದಲ್ಲಿ ಇರುವುದು ಏಣೋ, ಹಳ್ಳವೋ?

ಓದುಗರ ಪ್ರಶ್ನೆ: ಸಂಡೂರು ಭಾಗದ ಟೋಪೋ ಶೀಟನ್ನು, ಅಂದರೆ ನೆಲದ ಏರಿಳಿತ ತೋರಿಸುವ ನಕ್ಷೆಯನ್ನು, ಇಳಿಸಿಕೊಂಡಿದ್ದೇನೆ. ಪಳಗಿದ ಬೇಟೆಗಾರರು ನಕ್ಷೆ ನೋಡಿಯೇ ಪ್ರಾಣಿ ಎಲ್ಲಿ ದಾಟುತ್ತದೆಂದು ಊಹಿಸುತ್ತಾರಂತೆ. ನನಗೆ ಮಾತ್ರ ಕಂದು ಗೆರೆ ಬಾಗಿರುವ ಜಾಗದಲ್ಲಿ ಗುಡ್ಡದ ಏಣು (ಉಬ್ಬಿದ ಬೆನ್ನು) ಇದೆಯೋ, ಹಳ್ಳವಿದೆಯೋ ಎಂಬುದೇ ತಿಳಿಯುವುದಿಲ್ಲ. ಗುರುತಿಸುವುದು ಹೇಗೆ?

ಉತ್ತರ: ಬಾಗನ್ನು ನೋಡುವ ಮೊದಲು ಎತ್ತರ ಯಾವ ಕಡೆಗಿದೆ ಎಂಬುದನ್ನು ನೋಡಬೇಕು. ಆ ಕಂದು ಗೆರೆಗಳೇ ಸಮೋನ್ನತ ರೇಖೆಗಳು. ಒಂದು ಗೆರೆಯ ಮೇಲಿನ ಎಲ್ಲ ಬಿಂದುಗಳೂ ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರುತ್ತವೆ. ಐದಕ್ಕೊಂದರಂತೆ ದಪ್ಪಗೆ ಎಳೆದ ಗೆರೆಯ ಮೇಲೆ ಎತ್ತರದ ಅಂಕಿ ಸಿಗುತ್ತದೆ. ಅಂತಹ ಎರಡು ಅಂಕಿಗಳನ್ನು ಹೋಲಿಸಿ ಏರು ಯಾವ ದಿಕ್ಕಿಗಿದೆ ಎಂದು ಗೊತ್ತುಮಾಡಿಕೊಂಡ ಮೇಲೆ, ಬಾಗಿನ ಮೊನೆ ಏರಿನ ಕಡೆಗೆ ಚಾಚಿದ್ದರೆ ಅದು ಹಳ್ಳ, ಇಳಿಜಾರಿನ ಕಡೆಗೆ ಚಾಚಿದ್ದರೆ ಅದು ಏಣು. ಅನುಮಾನ ಉಳಿದರೆ ಆ ಮೊನೆಗಳನ್ನು ಸೇರಿಸಿಕೊಂಡು ತೊರೆಯ ಗೆರೆ ಹಾದಿದೆಯೇ ಎಂದು ನೋಡಿ. ನೀರು ಏಣಿನ ಮೇಲೆ ಹರಿಯುವುದಿಲ್ಲ.

ನಮ್ಮ ಕಡೆಯವರು ಎಡವುವುದು ಇಲ್ಲಿಯೇ. ನೀರಿನ ಬಣ್ಣ ನೀಲಿ ಎಂದು ಓದಿಕೊಂಡು ಬಳ್ಳಾರಿ, ಕೊಪ್ಪಳ ಸೀಮೆಯ ಶೀಟಿನಲ್ಲಿ ನೀಲಿ ಗೆರೆಗಳನ್ನು ಹುಡುಕುತ್ತಾ ಕುಳಿತರೆ ಹೆಚ್ಚೇನೂ ಸಿಗುವುದಿಲ್ಲ. ಭಾರತೀಯ ಸರ್ವೇಕ್ಷಣಾ ಇಲಾಖೆಯ ನಕ್ಷೆಗಳಲ್ಲಿ ಮಳೆಗಾಲ ಕಳೆದರೆ ಒಣಗುವ ಹಳ್ಳಗಳನ್ನು ಕಪ್ಪು ಬಣ್ಣದಲ್ಲಿ ತೋರಿಸುವುದು ವಾಡಿಕೆ, ಮತ್ತು ನಮ್ಮ ಬಹುಪಾಲು ಹಳ್ಳಗಳು ಆ ಜಾತಿಯವೇ. ಆದ್ದರಿಂದ ಕಪ್ಪು ಗೆರೆಯನ್ನು ಹಿಡಿದು ಮೇಲಕ್ಕೆ ಹೋಗಿ. ಅದು ಕವಲೊಡೆದಲ್ಲೆಲ್ಲ ಎರಡು ಹಳ್ಳಗಳ ನಡುವೆ ಒಂದು ಏಣು ಇದ್ದೇ ಇರುತ್ತದೆ.

ಗೆರೆಗಳ ಒತ್ತು ಇಳಿಜಾರನ್ನು ಹೇಳುತ್ತದೆ. 1:50,000 ಪ್ರಮಾಣದ ಶೀಟಿನಲ್ಲಿ 2 ಸೆಂಟಿಮೀಟರ್ ಎಂದರೆ ನೆಲದ ಮೇಲೆ 1 ಕಿಲೋಮೀಟರ್, ಮತ್ತು ಎರಡು ರೇಖೆಗಳ ನಡುವಿನ ಏರಿಕೆ ಸಾಮಾನ್ಯವಾಗಿ 20 ಮೀಟರ್. ಗೆರೆಗಳು 4 ಮಿಲಿಮೀಟರ್ ದೂರವಿದ್ದರೆ 200 ಮೀಟರ್ ನಡೆದು 20 ಮೀಟರ್ ಏರುತ್ತೀರಿ, ಅದು ದನವೂ ಸರಾಗವಾಗಿ ಹತ್ತುವ ಏರು. ಅವು 1 ಮಿಲಿಮೀಟರಿಗೆ ಬಂದು ಕೂಡಿದ್ದರೆ ಅದೇ 20 ಮೀಟರನ್ನು 50 ಮೀಟರಿನೊಳಗೆ ಏರಬೇಕು. ಬೇಟೆಗಾರರ ಊಹೆಗೆ ಆಧಾರ ಈ ವ್ಯತ್ಯಾಸವೇ. ಪ್ರಾಣಿಯೂ ಸುಮ್ಮನೆ ಶ್ರಮಪಡುವುದಿಲ್ಲ. ಗುಡ್ಡಸಾಲನ್ನು ದಾಟಬೇಕಾದಾಗ ಎರಡು ನೆತ್ತಿಗಳ ನಡುವಿನ ತಗ್ಗನ್ನು ಹುಡುಕುತ್ತದೆ. ನಕ್ಷೆಯಲ್ಲಿ ಎರಡು ಮುಚ್ಚಿದ ಉಂಗುರಗಳು ಎದುರುಬದುರಾಗಿದ್ದು, ನಡುವೆ ಗೆರೆಗಳು ಸೊಂಟದಂತೆ ಕಿರಿದಾದ ಜಾಗವೇ ಆ ತಗ್ಗು. ಸಂಡೂರಿನ ಉದ್ದನೆಯ ಸಾಲುಗಳು ಇದನ್ನು ಕಲಿಯಲು ಹೇಳಿ ಮಾಡಿಸಿದಂತಿವೆ. ನಾರಿಹಳ್ಳವೆಂಬ ತೊರೆಯು ಈ ಸಾಲನ್ನು ಸೀಳಿಕೊಂಡು ಹರಿಯುವ ಭೀಮಗಂಡಿ, ಓಬಳಗಂಡಿಗಳಲ್ಲಿ ರೇಖೆಗಳು ಇಬ್ಬದಿಯಿಂದಲೂ ಒತ್ತೊತ್ತಾಗಿ ಬಂದು ನಿಲ್ಲುವುದನ್ನು ಒಮ್ಮೆ ಗಮನವಿಟ್ಟು ನೋಡಿದವರು ಕಂದರವನ್ನು ಮತ್ತೆಂದೂ ತಪ್ಪಾಗಿ ಓದಲಾರರು.

ಬೇಟೆ ಎಂಬ ಮಾತು ಬಂದಿದ್ದರಿಂದ ಒಂದು ಸಂಗತಿಯನ್ನು ಸ್ಪಷ್ಟಪಡಿಸಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ನಮ್ಮಲ್ಲಿ ವನ್ಯಪ್ರಾಣಿಗಳ ಬೇಟೆ ನಿಷಿದ್ಧ. ಉರುಳು ಹಾಕುವುದು, ಬಲೆ ಒಡ್ಡುವುದು, ಅದಕ್ಕೆ ಯತ್ನಿಸುವುದು ಕೂಡ ಬೇಟೆಯೇ ಆಗುತ್ತದೆ. ನಕ್ಷೆಯ ಓದು ನಮಗೆ ಉಪಯೋಗಕ್ಕೆ ಬರುವುದು ಪ್ರಾಣಿಯನ್ನು ದೂರದಿಂದ ನೋಡಲು, ಅದಕ್ಕಿಂತ ಹೆಚ್ಚಾಗಿ ಅದಕ್ಕೆ ಎದುರಾಗದಿರಲು. 1994ರಲ್ಲಿ ಕರಡಿಧಾಮವಾದ ದರೋಜಿಯ ಸುತ್ತಲಿನ ಕುರಿಗಾಹಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿಸಿಲೇರಿದಾಗ ಗಾಳಿ ಇಳಿಜಾರಿನಲ್ಲಿ ಮೇಲಕ್ಕೆ ಸರಿಯುತ್ತದೆ, ಸಂಜೆ ತಂಪಾದ ಗಾಳಿ ಹಳ್ಳಗುಂಟ ಕೆಳಕ್ಕೆ ಇಳಿಯುತ್ತದೆ. ತನ್ನ ವಾಸನೆ ಪ್ರಾಣಿಗೆ ಹೋಗಬಾರದೆಂದು ಬೇಟೆಗಾರನು ಗಾಳಿಗೆ ಮುಖಕೊಟ್ಟು ನಡೆಯುತ್ತಾನೆ. ಕರಡಿಯ ವಿಷಯದಲ್ಲಿ ನಮಗೆ ಬೇಕಾದುದು ಇದಕ್ಕೆ ತೀರ ವಿರುದ್ಧ. ಅದರ ಮೂಗು ಚುರುಕು, ಕಣ್ಣು ಮಂದ. ವಾಸನೆ ಸಿಗದೆ ಹತ್ತಿರದಲ್ಲಿ ಥಟ್ಟನೆ ಎದುರಾದಾಗ ಮೈಮೇಲೆ ಬೀಳುತ್ತದೆ. ಆದ್ದರಿಂದ ಸಂಜೆ ಹೊತ್ತು ಕುರುಚಲು ತುಂಬಿದ ಹಳ್ಳದ ತಿರುವಿನಲ್ಲಿ, ಕೆಳಗಿಳಿಯುವ ಗಾಳಿಗೆ ಎದುರಾಗಿ ಮೌನವಾಗಿ ಹತ್ತುವ ಬದಲು, ನಕ್ಷೆಯಲ್ಲಿ ಪಕ್ಕದ ಏಣನ್ನು ಗುರುತಿಸಿಕೊಂಡು ಮಾತನಾಡುತ್ತಾ ಹೋಗುವುದು ಕ್ಷೇಮ.

ಹಾಗೆಂದು ನಕ್ಷೆಯನ್ನು ಪೂರ್ತಿ ನಂಬುವಂತಿಲ್ಲ. 20 ಮೀಟರ್ ಅಂತರದ ರೇಖೆಗಳ ನಡುವೆ 15 ಮೀಟರ್ ಎತ್ತರದ ಬಂಡೆಗಳ ರಾಶಿ ಸುಳಿವಿಲ್ಲದೆ ಅಡಗಿಬಿಡಬಹುದು. ಆನೆಗೊಂದಿ, ಗಂಗಾವತಿಗಳ ಗ್ರಾನೈಟ್ ಗುಡ್ಡಗಳಲ್ಲಿ ಕರಡಿ, ಚಿರತೆಗಳು ಹಗಲು ತಂಗುವ ಕಲ್ಲುಸಂದುಗಳು ಬಹುಮಟ್ಟಿಗೆ ಇಂತಹವು. ಅಲ್ಲಿ ನಕ್ಷೆಯ ಜೊತೆಗೆ ಉಪಗ್ರಹ ಚಿತ್ರವನ್ನೂ ಇಟ್ಟುಕೊಳ್ಳಬೇಕು. ಸಂಡೂರಿನಲ್ಲಿ ತೊಡಕು ಬೇರೆ ತರಹದ್ದು. ಗಣಿಗಾರಿಕೆ ನಡೆದ ಕಡೆ ನೆತ್ತಿಯೇ ತಗ್ಗಿ, ಪಕ್ಕದ ಹಳ್ಳದಲ್ಲಿ ಗಣಿಮಣ್ಣಿನ ದಿಬ್ಬ ಎದ್ದಿರಬಹುದು. ಶೀಟಿನ ಅಂಚಿನಲ್ಲಿ ಸರ್ವೇ ನಡೆದ ವರ್ಷವನ್ನು ಮುದ್ರಿಸಿರುತ್ತಾರೆ. ನೀವು ಇಳಿಸಿಕೊಂಡ ಪ್ರತಿಯಲ್ಲಿ ಮೊದಲು ಅದನ್ನು ನೋಡಿ, ಆಮೇಲೆ ಗೆರೆಗಳಿಗೆ ಬನ್ನಿ.