ಬೆಟ್ಟದ ತುದಿಯ ಹವಾಮಾನ: ಲೆಕ್ಕ ಬೇಕು, ದುಡ್ಡು ಯಾರದು?

ಬ್ರಿಟನ್ನಿನ ಅತಿ ಎತ್ತರದ ಬೆಟ್ಟ ಸ್ಕಾಟ್ಲೆಂಡಿನ ಬೆನ್ ನೆವಿಸ್. ಎತ್ತರ ಬರೀ 1,345 ಮೀಟರ್. ನಮ್ಮ ಮುಳ್ಳಯ್ಯನಗಿರಿ ಅದಕ್ಕಿಂತ ಐನೂರು ಮೀಟರಿಗೂ ಹೆಚ್ಚು ಎತ್ತರವಿದೆ. ಆದರೆ ಬೆನ್ ನೆವಿಸ್ ಇರುವುದು ಅಟ್ಲಾಂಟಿಕ್ ಬಿರುಗಾಳಿಗಳ ದಾರಿಯಲ್ಲಿ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಬುಡದ ಫೋರ್ಟ್ ವಿಲಿಯಂನಲ್ಲಿ 8 ಡಿಗ್ರಿ ಇದ್ದ ದಿನ ತುದಿಯಲ್ಲಿ ಸೊನ್ನೆಗಿಂತ ಒಂದು ಡಿಗ್ರಿ ಕೆಳಗೆ. ಜೊತೆಗೆ ಗಂಟೆಗೆ 64 ಕಿ.ಮೀ. ಗಾಳಿ ಬೀಸಿದರೆ ಮೈಗೆ ತಟ್ಟುವ ಚಳಿ ಮೈನಸ್ 10ರಷ್ಟು. ಗಾಳಿಯ ವೇಗ ಎರಡು ಪಟ್ಟಾದರೆ ಅದು ಮೈಯನ್ನು ತಳ್ಳುವ ಬಲ ನಾಲ್ಕು ಪಟ್ಟು. ಊರಿನ ಮುನ್ಸೂಚನೆ ನೋಡಿ ಬೆಟ್ಟ ಹತ್ತಿದವರು ಎಡವುವುದು ಈ ಲೆಕ್ಕದಲ್ಲೇ.

ಈ ಲೆಕ್ಕಕ್ಕೆ ಹಣ ಹೊಂದಿಸುವ ಪಾಡು ಹೊಸದಲ್ಲ. 1881ರ ಬೇಸಿಗೆಯಲ್ಲಿ ಕ್ಲೆಮೆಂಟ್ ರ‍್ಯಾಗ್ ಎಂಬಾತ ದಿನವೂ ಬೆನ್ ನೆವಿಸ್ ಹತ್ತಿ ಅಳತೆ ಬರೆದುಕೊಳ್ಳುತ್ತಿದ್ದ. ಅದೇ ಹೊತ್ತಿಗೆ ಬುಡದಲ್ಲಿ ಅವನ ಹೆಂಡತಿ ಅಳತೆ ತೆಗೆಯುತ್ತಿದ್ದಳು. ಎರಡನ್ನೂ ಹೋಲಿಸಿದರಷ್ಟೇ ಎತ್ತರದ ಪರಿಣಾಮ ತಿಳಿಯುವುದು. ಆ ಕೆಲಸದ ಬೆನ್ನಿಗೆ ಸ್ಕಾಟಿಷ್ ಮೀಟಿಯರಾಲಜಿಕಲ್ ಸೊಸೈಟಿ ಸಾರ್ವಜನಿಕರಿಂದ ಚಂದಾ ಎತ್ತಿ, 1883ರ ಅಕ್ಟೋಬರಿನಲ್ಲಿ ತುದಿಯಲ್ಲೇ ವೀಕ್ಷಣಾಲಯ ತೆರೆಯಿತು. ಸಾಮಾನು ಹೊರುವ ಕುದುರೆಗಳಿಗೆಂದು ಕಡಿದ ದಾರಿಯೇ ಇಂದಿಗೂ ಚಾರಣಿಗರ ಮುಖ್ಯ ದಾರಿ.

ಅಲ್ಲಿದ್ದವರು ಹಗಲೂ ರಾತ್ರಿ ಗಂಟೆಗೊಮ್ಮೆ ಅಳತೆ ತೆಗೆದರು. ಚಳಿಗಾಲದಲ್ಲಿ ಕಟ್ಟಡ ಹಿಮದಲ್ಲಿ ಹೂತುಹೋದಾಗ ಗೋಪುರದ ಬಾಗಿಲಿನಿಂದ ಹೊರಬರಬೇಕಿತ್ತು. ಆದರೂ 1904ರಲ್ಲಿ ವೀಕ್ಷಣಾಲಯ ಮುಚ್ಚಿತು. ದಾಖಲೆಯಲ್ಲಿ ಕೊರತೆಯಿರಲಿಲ್ಲ, ಸರ್ಕಾರ ಕೊಡಲು ಒಪ್ಪಿದ ನೆರವು ಖರ್ಚಿಗೆ ಸಾಲುತ್ತಿರಲಿಲ್ಲ, ಅಷ್ಟೆ. ಆ ಕೈಬರಹದ ಅಂಕಿಗಳನ್ನು 2017ರಲ್ಲಿ ಕಂಪ್ಯೂಟರಿಗೆ ಏರಿಸಿದವರೂ ಸಂಬಳವಿಲ್ಲದ ಸ್ವಯಂಸೇವಕರೇ.

ಮನುಷ್ಯನ ಬದಲು ಯಂತ್ರ ಇಟ್ಟರಾಯಿತಲ್ಲ ಎಂದರೆ, ತೊಡಕು ಅಲ್ಲಿಯೂ ಇದೆ. ಸೊನ್ನೆಗಿಂತ ತಣ್ಣಗಾಗಿಯೂ ಹೆಪ್ಪುಗಟ್ಟದೆ ಮೋಡದಲ್ಲಿ ತೇಲುವ ಹನಿಗಳು ತಾಗಿದ್ದಕ್ಕೆಲ್ಲ ಮಂಜುಗಡ್ಡೆಯಾಗಿ ಅಂಟುತ್ತವೆ. ಗಾಳಿ ಅಳೆಯುವ ಬಟ್ಟಲುಗಳು ಕಚ್ಚಿಕೊಂಡು ನಿಂತರೆ ಬಿರುಗಾಳಿಯಲ್ಲೂ ವೇಗ ‘ಸೊನ್ನೆ’! ಕೇರ್ನ್‌ಗಾರ್ಮ್ ತುದಿಯಲ್ಲಿ (ಇದೂ ಸ್ಕಾಟ್ಲೆಂಡಿನದೇ ಬೆಟ್ಟ, 1,245 ಮೀಟರ್) ಹೆರಿಯಟ್-ವಾಟ್ ವಿಶ್ವವಿದ್ಯಾಲಯ 1977ರಿಂದ ನಡೆಸಿದ ಸ್ವಯಂಚಾಲಿತ ಕೇಂದ್ರ ಇದಕ್ಕೊಂದು ಉಪಾಯ ಕಂಡುಕೊಂಡಿತು. ಉಪಕರಣಗಳು ಬೆಚ್ಚಗಿನ ಡಬ್ಬಿಯೊಳಗೆ ಇರುತ್ತವೆ; ಅರ್ಧ ಗಂಟೆಗೊಮ್ಮೆ ಮುಚ್ಚಳ ತೆರೆದು ಮೇಲೆ ಬಂದು, ಮೂರು ನಿಮಿಷ ಅಳೆದು, ಒಳಗೆ ಹೋಗುತ್ತವೆ. 1986ರ ಮಾರ್ಚ್ 20ರಂದು ಅಲ್ಲಿ ದಾಖಲಾದ ಗಾಳಿ ಗಂಟೆಗೆ 173 ಮೈಲಿ, ಅಂದರೆ 278 ಕಿ.ಮೀ.

ಅಳೆಯುವುದು ಒಂದು ಕೆಲಸ, ಅದನ್ನು ನಡೆಯುವವನಿಗೆ ಅರ್ಥವಾಗುವಂತೆ ಹೇಳುವುದು ಇನ್ನೊಂದು. ಹವಾಮಾನ ತಜ್ಞ ಜೆಫ್ ಮಾಂಕ್ ಕಟ್ಟಿದ ಮೌಂಟನ್ ವೆದರ್ ಇನ್ಫರ್ಮೇಷನ್ ಸರ್ವಿಸ್ ಎರಡನೆಯದನ್ನು ಮಾಡುತ್ತದೆ. ಪ್ರತಿ ಬೆಟ್ಟಸಾಲಿಗೂ ಒಂದು ಪುಟ: ಗಾಳಿ ಎಷ್ಟು, ಅದರಲ್ಲಿ ನಡೆಯಲಾದೀತೇ, ಮೋಡದ ತಳ ಯಾವ ಎತ್ತರದಲ್ಲಿ, 3,000 ಅಡಿ ಮೀರಿದ ‘ಮನ್ರೊ’ ಬೆಟ್ಟಗಳ ತುದಿ ಮೋಡವಿಲ್ಲದೆ ಕಾಣುವ ಸಾಧ್ಯತೆ ಶೇಕಡಾ ಎಷ್ಟು, 900 ಮೀಟರಿನಲ್ಲಿ ಚಳಿ ಎಷ್ಟು. ಕಂಪ್ಯೂಟರ್ ಮಾದರಿ ಇದನ್ನೆಲ್ಲ ತಾನೇ ಹೇಳಿಬಿಡುವುದಿಲ್ಲ. ಬ್ರಿಟನ್ನಿನ ಹವಾಮಾನ ಇಲಾಖೆಯ ಸೂಕ್ಷ್ಮ ಮಾದರಿ ನೆಲವನ್ನು ಹಂಚಿ ಲೆಕ್ಕ ಹಾಕುವ ಚೌಕಗಳೂ 1.5 ಕಿ.ಮೀ. ಅಗಲ, ಚೂಪು ಶಿಖರಗಳು ಅದರಲ್ಲಿ ಸವೆದು ತಗ್ಗಾಗುತ್ತವೆ. ಆ ತಗ್ಗನ್ನು ಸರಿಪಡಿಸಿ, ಬೆಟ್ಟದ ನೆತ್ತಿಯ ಯಾವ ಏಣಿನಲ್ಲಿ ಗಾಳಿ ಹಿಂಡಿಕೊಂಡು ನುಗ್ಗೀತು ಎಂದು ಬರೆಯಲು ಬೆಟ್ಟ ಬಲ್ಲ ಮನುಷ್ಯ ಬೇಕು. ವರ್ಷದ ಅಷ್ಟೂ ದಿನ ಸಂಬಳ ಬೇಡುವುದೂ ಆ ಮನುಷ್ಯನೇ.

ಸ್ಕಾಟ್ಲೆಂಡಿನ ಪುಟಗಳಿಗೆ ಕ್ರೀಡಾ ಸಂಸ್ಥೆ ಸ್ಪೋರ್ಟ್‌ಸ್ಕಾಟ್ಲೆಂಡ್ ಹಣ ಕೊಡುತ್ತಾ ಬಂದಿದೆ. ಇಂಗ್ಲೆಂಡ್, ವೇಲ್ಸ್ ಪುಟಗಳಿಗೆ ಅಂಥ ಆಸರೆಯಿಲ್ಲದೆ ದೇಣಿಗೆಯ ಮೊರೆ ಹೋಗಬೇಕಾಗಿದೆ. ಓದುವುದು ಉಚಿತ, ಹಾಗಾಗಿ ಬಳಸುವವರಿಂದ ಶುಲ್ಕ ಬರುವುದಿಲ್ಲ. ಶುಲ್ಕ ಇಟ್ಟರೆ ತೀರಾ ಅಗತ್ಯವಿರುವ ಹೊಸಬರೇ ಮೊದಲು ದೂರವಾಗುತ್ತಾರೆ.

ಹವಾಮಾನ ಇಲಾಖೆಯೇ ಬೆಟ್ಟದ ಮುನ್ಸೂಚನೆ ಕೊಡುವಾಗ ಈ ಇನ್ನೊಂದು ಸೇವೆ ಯಾಕೆ ಎಂಬ ಪ್ರಶ್ನೆ ಸಹಜ. ಅನುಭವಿ ಚಾರಣಿಗರು ಎರಡನ್ನೂ ಪಕ್ಕಪಕ್ಕ ಇಟ್ಟು ಓದುತ್ತಾರೆ. ಎರಡೂ ಒಂದೇ ಮಾತು ಹೇಳಿದರೆ ಶಿಖರದ ದಾರಿ; ಗಾಳಿಯ ವಿಷಯದಲ್ಲಿ ಒಂದಕ್ಕೊಂದು ತಾಳೆಯಾಗದಿದ್ದರೆ ಹೆಚ್ಚು ಹೇಳಿದ್ದನ್ನೇ ನಂಬಿ, ಏಣಿನ ಕೆಳಗಿನ ಕಣಿವೆಯ ದಾರಿ.