ಸಾಲಮ್ಯಾಂಡರ್: ಹಾವರಾಣಿಯೂ ಅಲ್ಲ, ಹಲ್ಲಿಯೂ ಅಲ್ಲ

ಮಿರಗದ ಮಳೆ ಹಿಡಿದಾಗ ಖಾನಾಪುರ, ಜಾಂಬೋಟಿ ಕಡೆ ಹಳೆ ಹಂಚಿನ ರಾಶಿ ಸರಿಸಿದರೆ ಕೆಲವೊಮ್ಮೆ ಮಿರಿಮಿರಿ ಮಿಂಚುವ ಮೈಯ, ಕೆಂಪು ಬಾಲದ ಪುಟ್ಟ ಪ್ರಾಣಿಯೊಂದು ಸರಕ್ಕನೆ ಹರಿದು ಮರೆಯಾಗುತ್ತದೆ. ಅದರ ಫೋಟೊ ಮೊಬೈಲಿನಿಂದ ಮೊಬೈಲಿಗೆ ಹೋಗುವಷ್ಟರಲ್ಲಿ ‘ಸಾಲಮ್ಯಾಂಡರ್’ ಎಂಬ ಹೆಸರು ಅಂಟಿರುತ್ತದೆ. ಅದು ಹಾವರಾಣಿಯ ಮರಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಮಾತ್ರವಲ್ಲ, ಇಡೀ ದಕ್ಷಿಣ ಭಾರತದ ಕಾಡಿನಲ್ಲಿ ಸಾಲಮ್ಯಾಂಡರ್ ಒಂದೂ ಇಲ್ಲ.

ಗೊಂದಲಕ್ಕೆ ಕಾರಣ ಆ ಮಿಂಚು. ಹಾವರಾಣಿಯ ಮೈ ಒದ್ದೆಯಾಗಿದೆ ಎಂದು ಕಣ್ಣಿಗೆ ಅನಿಸುತ್ತದೆ, ಆದರೆ ಅದು ಒಣಗಿದ ಮೈ. ಒಂದರ ಮೇಲೊಂದು ಹಂಚಿನಂತೆ ಕೂತ ನುಣುಪು ಹುರುಪೆಗಳು ಬೆಳಕು ಚೆಲ್ಲುತ್ತವೆ. ಫೋಟೊವನ್ನು ದೊಡ್ಡದು ಮಾಡಿ ಬೆರಳುಗಳನ್ನು ನೋಡಿ. ತುದಿಯಲ್ಲಿ ಉಗುರು, ಕಣ್ಣಿನ ಹಿಂದೆ ಕಿವಿಯ ತೂತು, ಮೈಮೇಲೆ ಹುರುಪೆಯ ಸಾಲು ಕಂಡರೆ ಅದು ಸರೀಸೃಪ. ಕಪ್ಪೆಯ ಬಳಗದ ಸಾಲಮ್ಯಾಂಡರಿಗೆ ಹುರುಪೆಯಿಲ್ಲ, ಹೊರಕಿವಿಯ ತೂತಿಲ್ಲ, ಬೆರಳುಗಳು ಸಾಮಾನ್ಯವಾಗಿ ಉಗುರಿಲ್ಲದ ಮೆತ್ತನೆ ಮೊಳಕೆಗಳು. ಹೆಚ್ಚಿನವುಗಳಿಗೆ ಮುಂಗಾಲಿನಲ್ಲಿ ನಾಲ್ಕು, ಹಿಂಗಾಲಿನಲ್ಲಿ ಐದು ಬೆರಳು. ಹಲ್ಲಿ, ಓತಿಕ್ಯಾತ, ಹಾವರಾಣಿಗಳಲ್ಲಿ ಹೆಚ್ಚಿನವಕ್ಕೆ ಮುಂದೆಯೂ ಐದೇ. ಬೇರೆ ಏನೂ ಸ್ಪಷ್ಟವಿಲ್ಲದ ಫೋಟೊದಲ್ಲಿ ಸಾಮಾನ್ಯವಾಗಿ ಈ ಒಂದು ಎಣಿಕೆ ಸಾಕಾಗುತ್ತದೆ.

ಹಾಗಾದರೆ ಪದದ ಅರ್ಥವೇನು? ಸಾಲಮ್ಯಾಂಡರ್ ಎಂದರೆ ದೊಡ್ಡವಾದ ಮೇಲೂ ಬಾಲ ಉಳಿಸಿಕೊಂಡ ಉಭಯವಾಸಿ. ಕಪ್ಪೆಗಳ ಬಳಗವೇ ಹೊರತು ಹಲ್ಲಿಗಳದ್ದಲ್ಲ. ಹೆಸರು ಗ್ರೀಕ್ ಮೂಲದ್ದು. ಯುರೋಪಿನಲ್ಲಿ ಇದು ಬೆಂಕಿಯಲ್ಲಿ ಬದುಕುತ್ತದೆ, ಬೆಂಕಿಯನ್ನೇ ಆರಿಸುತ್ತದೆ ಎಂದು ಜನ ಬಹುಕಾಲ ನಂಬಿದ್ದರು. ಕೊಳೆತ ದಿಮ್ಮಿಯೊಳಗೆ ಮಲಗಿದ್ದ ಪ್ರಾಣಿ ಒಲೆಗೆ ಕಟ್ಟಿಗೆ ಹಾಕಿದಾಗ ಹೊರಗೋಡಿ ಬರುತ್ತಿದ್ದದ್ದೇ ಇದಕ್ಕೆ ಮೂಲವಿರಬೇಕು. ದೊಡ್ಡ ಹೋಟೆಲುಗಳ ಅಡುಗೆಮನೆಯಲ್ಲಿ ಮೇಲಿನಿಂದ ಕಾವು ಕೊಡುವ ಒಲೆಗೂ ಇದೇ ಹೆಸರಿದೆ. ನಿಜವಾದ ಪ್ರಾಣಿಗೆ ಬೆಂಕಿ ಹಾಗಿರಲಿ, ವಿಜಯಪುರದ ಏಪ್ರಿಲ್ ಬಿಸಿಲೇ ಸಾವು.

ನ್ಯೂಟ್ ಬೇರೆ ಪ್ರಾಣಿಯಲ್ಲ. ಸಾಲಮ್ಯಾಂಡರುಗಳದೇ ಒಂದು ಕುಟುಂಬದೊಳಗಿನ ಗುಂಪು. ಮೊಟ್ಟೆಯಿಡುವ ಕಾಲಕ್ಕೆ ನೀರಿಗೆ ಮರಳುವ, ನೆಲದಲ್ಲಿದ್ದಾಗ ಚರ್ಮ ಒರಟಾಗುವ ಜಾತಿಗಳಿಗೆ ಆ ಹೆಸರು. ಎಲ್ಲ ನ್ಯೂಟುಗಳೂ ಸಾಲಮ್ಯಾಂಡರ್. ಎಲ್ಲ ಸಾಲಮ್ಯಾಂಡರುಗಳೂ ನ್ಯೂಟ್ ಅಲ್ಲ.

ಇವುಗಳ ಬದುಕನ್ನು ತಿಳಿಯಬೇಕಾದರೆ ಚರ್ಮದಿಂದಲೇ ಶುರುಮಾಡಬೇಕು. ಜಗತ್ತಿನಲ್ಲಿರುವ 800ಕ್ಕೂ ಹೆಚ್ಚು ಜಾತಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಕುಟುಂಬದವು, ಆ ಕುಟುಂಬಕ್ಕೆ ಪುಪ್ಪುಸವೇ ಇಲ್ಲ. ಉಸಿರಾಟವೆಲ್ಲ ಚರ್ಮ ಮತ್ತು ಬಾಯಿಯ ಒಳಪದರದ ಮೂಲಕ. ಚರ್ಮದ ಕೆಳಗೆ ರಕ್ತನಾಳಗಳ ದಟ್ಟ ಬಲೆಯಿದೆ, ಮೇಲೆ ಲೋಳೆಯ ತೆಳು ಪದರ. ಗಾಳಿಯ ಆಮ್ಲಜನಕ ಮೊದಲು ಆ ತೇವದಲ್ಲಿ ಕರಗಬೇಕು, ಆಮೇಲೆ ರಕ್ತಕ್ಕೆ ಸೇರಬೇಕು. ಚರ್ಮ ಒಣಗಿದರೆ ಉಸಿರೂ ನಿಂತಿತು. ಅದಕ್ಕೇ ಇವು ಹಗಲಲ್ಲಿ ಕಲ್ಲು, ಕೊಳೆತ ಎಲೆ, ದಿಮ್ಮಿಗಳ ಕೆಳಗಿದ್ದು ರಾತ್ರಿ ಮಳೆ ಬಂದಾಗ ಹೊರಬರುತ್ತವೆ. ಒಣಗಿದ ಕೈಯಿಂದ, ಸೊಳ್ಳೆ ಮುಲಾಮು ಹಚ್ಚಿದ ಕೈಯಿಂದ ಮುಟ್ಟಬಾರದು ಎನ್ನುವುದೂ ಇದಕ್ಕೇ: ಲೋಳೆ ಕಿತ್ತುಬರುತ್ತದೆ, ರಾಸಾಯನಿಕ ನೇರವಾಗಿ ಒಳಗೆ ಇಳಿಯುತ್ತದೆ.

ಅದೇ ಚರ್ಮದಲ್ಲಿ ವಿಷದ ಗ್ರಂಥಿಗಳೂ ಇವೆ. ಅಮೆರಿಕದ ಪಶ್ಚಿಮ ಕರಾವಳಿಯ ಒರಟುಚರ್ಮದ ನ್ಯೂಟಿನಲ್ಲಿರುವ ಟೆಟ್ರೋಡೋಟಾಕ್ಸಿನ್, ಪಫರ್ ಮೀನಿನಲ್ಲಿರುವ ವಿಷವೇ. 1979ರಲ್ಲಿ ಒರೆಗಾನ್‌ನಲ್ಲಿ ಒಬ್ಬ ಯುವಕ ಪಂಥಕ್ಕಾಗಿ ಒಂದು ನ್ಯೂಟ್ ನುಂಗಿ ಸತ್ತ ದಾಖಲೆಯಿದೆ.

ಗಾತ್ರದಲ್ಲಿ ಅಂತರ ದೊಡ್ಡದು. ಚೀನಾದ ದೈತ್ಯ ಸಾಲಮ್ಯಾಂಡರ್ 1.8 ಮೀಟರಿನವರೆಗೆ ಬೆಳೆದದ್ದಿದೆ. ಮೆಕ್ಸಿಕೊದ ಕೆಲವು ಜಾತಿಗಳು ಬಾಲವೂ ಸೇರಿ ಬೆರಳಿನ ಎರಡು ಗೆಣ್ಣನ್ನೂ ದಾಟವು. ಸೈರನ್ ಎಂಬ ಗುಂಪಿಗೆ ಹಿಂಗಾಲೇ ಇಲ್ಲ. ಯುರೋಪಿನ ಸುಣ್ಣಕಲ್ಲಿನ ಗವಿಗಳಲ್ಲಿರುವ ಓಲ್ಮ್‌ಗೆ ದೃಷ್ಟಿಯಿಲ್ಲ.

ಮರಿಗಳನ್ನೂ ಗೊದಮೊಟ್ಟೆ ಎಂದು ಕರೆಯುವವರಿದ್ದಾರೆ, ಆದರೆ ನೋಡಿದರೆ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಕಪ್ಪೆಯ ಗೊದಮೊಟ್ಟೆ ದುಂಡು, ಕಿವಿರು ಮೈಯೊಳಗೆ ಮುಚ್ಚಿಕೊಂಡಿರುತ್ತದೆ, ಹೆಚ್ಚಾಗಿ ಪಾಚಿ ಕೆರೆದು ತಿನ್ನುತ್ತದೆ, ಮೊದಲು ಕಾಣುವುದು ಹಿಂಗಾಲು. ಸಾಲಮ್ಯಾಂಡರ್ ಮರಿ ಉದ್ದ ಮೈಯದು, ಕತ್ತಿನ ಎರಡೂ ಬದಿ ಗರಿಯಂತೆ ಹರಡಿದ ಕಿವಿರು, ಮೊದಲು ಬರುವುದು ಮುಂಗಾಲು. ಹುಟ್ಟಿದಾಗಿನಿಂದಲೇ ಬೇಟೆಗಾರ, ನೀರಿನ ಸೂಕ್ಷ್ಮ ಹುಳು ಸಾಲದಿದ್ದರೆ ಒಡಹುಟ್ಟಿದವರ ಕಾಲನ್ನೂ ಕಚ್ಚುತ್ತದೆ.

ಕಚ್ಚಿಹೋದ ಕಾಲು ಮತ್ತೆ ಬರುತ್ತದೆ. ಗಾಯದ ಮೇಲೆ ಚರ್ಮ ಬೇಗ ಮುಚ್ಚಿಕೊಂಡು, ಅದರಡಿ ಜೀವಕೋಶಗಳ ಗುಡ್ಡೆಯೊಂದು ಸೇರಿ, ಅದರಿಂದ ಮೂಳೆ, ಸ್ನಾಯು, ನರ, ಬೆರಳು ಎಲ್ಲವೂ ಕ್ರಮವಾಗಿ ಮೂಡುತ್ತವೆ. ಹಲ್ಲಿ ಬಾಲ ಬೆಳೆಸಿಕೊಳ್ಳುವುದನ್ನು ಇದಕ್ಕೆ ಹೋಲಿಸಬೇಡಿ. ಹಲ್ಲಿಯ ಹೊಸ ಬಾಲದಲ್ಲಿ ಬೆನ್ನುಮೂಳೆಯ ಮಣಿಗಳಿರುವುದಿಲ್ಲ, ಮೃದ್ವಸ್ಥಿಯ ಕೊಳವೆ ಇರುತ್ತದೆ. ಸಾಲಮ್ಯಾಂಡರ್ ಮೂಳೆಯನ್ನೇ ಮತ್ತೆ ಕಟ್ಟುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಸಾಲಮ್ಯಾಂಡರ್ ಜೀವಂತವಾಗಿ ಕಣ್ಣಿಗೆ ಬೀಳುವುದು ಬಹುತೇಕ ಗಾಜಿನ ತೊಟ್ಟಿಯಲ್ಲಿ, ಆಕ್ಸಲಾಟಲ್ ರೂಪದಲ್ಲಿ. ಮೆಕ್ಸಿಕೊ ನಗರದ ಶೋಚಿಮಿಲ್ಕೊ ಕಾಲುವೆಗಳ ಪ್ರಾಣಿ ಇದು. ಮರಿಯ ಕಿವಿರನ್ನು ಉಳಿಸಿಕೊಂಡೇ ಪ್ರಾಯಕ್ಕೆ ಬರುತ್ತದೆ. ಸಾಕಬೇಕೆಂದರೆ ನೀರು 16ರಿಂದ 18 ಡಿಗ್ರಿ ಇರಬೇಕು, 24 ದಾಟಿದರೆ ಅಪಾಯ. ಬೇಸಿಗೆಯಲ್ಲಿ ಬಾಗಲಕೋಟೆಯ ಮನೆಯೊಳಗಿನ ತೊಟ್ಟಿ 30 ಡಿಗ್ರಿ ದಾಟುತ್ತದೆ. 18 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 9.5 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳಬಲ್ಲದು, 32 ಡಿಗ್ರಿಯದು ಸುಮಾರು 7.3 ಮಾತ್ರ, ಕಾವಿಗೆ ಪ್ರಾಣಿಯ ಆಮ್ಲಜನಕದ ಬೇಡಿಕೆ ಮಾತ್ರ ಏರುತ್ತದೆ. ಕಿವಿರು ಮುಂದಕ್ಕೆ ಬಾಗುವುದು, ಬಾಲದ ತುದಿ ಕೊಕ್ಕೆಯಾಗುವುದು, ಮೇವು ಬಿಡುವುದು, ಕಿವಿರಿನ ಮೇಲೆ ಹತ್ತಿಯಂಥ ಬೂಸು: ತೊಂದರೆಯ ಗುರುತುಗಳು ಇವು. ಫ್ಯಾನ್ ಬೀಸಿದರೆ ಎರಡು ಮೂರು ಡಿಗ್ರಿ ಇಳಿಯಬಹುದು, ಅದು ಇಲ್ಲಿ ಸಾಲದು. ಮಂಜುಗಡ್ಡೆಯ ಬಾಟಲಿ ತೇಲಿಬಿಟ್ಟರೆ ಉಷ್ಣತೆ ಹಗ್ಗಜಗ್ಗಾಟವಾಗಿ ಪ್ರಾಣಿ ಇನ್ನೂ ಬಳಲುತ್ತದೆ. ನೀರು ತಂಪಾಗಿಸುವ ಯಂತ್ರ, ಕರೆಂಟು ಹೋದಾಗ ಅದನ್ನು ನಡೆಸುವ ವ್ಯವಸ್ಥೆ ಎರಡೂ ಇಲ್ಲದಿದ್ದರೆ ತರಲೇಬೇಡಿ. ತಳಕ್ಕೆ ಸಣ್ಣ ಕಲ್ಲು ಹಾಕಿದರೆ ಮೇವಿನ ಜೊತೆ ನುಂಗಿ ಕರುಳು ಕಟ್ಟುತ್ತದೆ. ಸಾಕುವವರು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಸಾಕಲಾಗದೆ ಕೆರೆಗೆ ಬಿಡುವುದಂತೂ ಕೂಡದು, ಅದರೊಡನೆ ರೋಗವೂ ಹೊರಹೋಗಬಹುದು. ಸಾಕುಪ್ರಾಣಿಗಳ ವ್ಯಾಪಾರದೊಂದಿಗೆ ಯುರೋಪಿಗೆ ಬಂತೆನ್ನಲಾದ ಒಂದು ಶಿಲೀಂಧ್ರ ನೆದರ್‌ಲೆಂಡ್ಸ್‌ನ ‘ಬೆಂಕಿ ಸಾಲಮ್ಯಾಂಡರ್’ ಎಂಬ ಜಾತಿಯನ್ನು ಹೆಚ್ಚುಕಡಿಮೆ ಅಳಿಸಿಹಾಕಿದೆ. ಆ ಶಿಲೀಂಧ್ರವನ್ನು ಗುರುತಿಸಿ ಹೆಸರಿಟ್ಟದ್ದು 2013ರಲ್ಲಿ.

ಭಾರತದ ಸ್ವಂತ ಸಾಲಮ್ಯಾಂಡರನ್ನು ನೋಡಬೇಕಾದರೆ ಡಾರ್ಜಿಲಿಂಗ್‌ವರೆಗೆ ಹೋಗಬೇಕು. ಗುಳ್ಳೆ ಸಾಲುಗಳ ಮೈಯ ಹಿಮಾಲಯದ ನ್ಯೂಟ್ ಅಲ್ಲಿನ ಬೆಟ್ಟಗಳ ಕೊಳಗಳಲ್ಲಿ ಮಳೆಗಾಲದಲ್ಲಿ ಮೊಟ್ಟೆಯಿಡುತ್ತದೆ. ಅದಕ್ಕಾಗಿಯೇ ಜೋರ್‌ಪೋಖ್ರಿ ಎಂಬ ಪುಟ್ಟ ಅಭಯಾರಣ್ಯವಿದೆ. 2015ರವರೆಗೆ ಇದನ್ನು ಚೀನಾದ ಯುನ್ನಾನಿನ ಜಾತಿಯೆಂದೇ ಎಣಿಸುತ್ತಿದ್ದರು, ಆ ವರ್ಷ ಬೇರೆ ಜಾತಿಯೆಂದು ಹೆಸರಿಟ್ಟರು.

ನಮ್ಮ ಕಡೆಗೇಕೆ ಬರಲಿಲ್ಲ? ಸಾಲಮ್ಯಾಂಡರುಗಳು ಬೆಳೆದದ್ದು ಉತ್ತರದ ಭೂಖಂಡಗಳಲ್ಲಿ. ಭಾರತ ದಕ್ಷಿಣದ ಗೊಂಡ್ವಾನ ಎಂಬ ಪ್ರಾಚೀನ ಮಹಾಖಂಡದಿಂದ ಒಡೆದು ತೇಲಿಬಂದ ನೆಲ. ಏಷ್ಯಾಕ್ಕೆ ತಾಗಿದ ಮೇಲೆ ಹಿಮಾಲಯದ ತಪ್ಪಲಿನವರೆಗೆ ಅವು ಇಳಿದವು. ಮುಂದಿನ ಬಿಸಿ ಬಯಲುಗಳನ್ನು ತೇವದ ಚರ್ಮ ಹೊತ್ತು ದಾಟಲಾಗಲಿಲ್ಲ.

ಗೊಂಡ್ವಾನದ ಕಾಲದಿಂದಲೇ ಈ ನೆಲದೊಡನೆ ಬಂದ ಉಭಯವಾಸಿ ಸಿಸಿಲಿಯನ್. ಕಪ್ಪೆ, ಸಾಲಮ್ಯಾಂಡರ್, ಸಿಸಿಲಿಯನ್ ಒಂದೇ ವಂಶದ ಮೂರು ಕವಲು. ಸಿಸಿಲಿಯನ್‌ಗೆ ಕಾಲಿಲ್ಲ, ಮೈತುಂಬ ಉಂಗುರ, ನೋಡಿದರೆ ಎರೆಹುಳು ಎನಿಸುತ್ತದೆ. 2007ರಲ್ಲಿ ಹೆಸರು ಪಡೆದ ಗೆಗೆನಿಯೋಫಿಸ್ ಮ್ಹಾದೇಯಿಎನ್ಸಿಸ್ ಎಂಬ ಸಿಸಿಲಿಯನ್ ನಮ್ಮ ಖಾನಾಪುರ ತಾಲ್ಲೂಕಿನ ಚೋರ್ಲಾದ್ದೇ. ಬದು ಅಗೆಯುವಾಗ ಗುದ್ದಲಿಗೆ ಅಂಥದು ಸಿಕ್ಕರೆ ಬಾಯಿ ನೋಡಿ: ಎರೆಹುಳಕ್ಕೆ ದವಡೆಯಿಲ್ಲ, ಇದಕ್ಕೆ ದವಡೆಯೂ ಹಲ್ಲೂ ಇವೆ. ಹುಳುಹಾವಿಗೆ ಮೈಮೇಲೆ ನುಣುಪು ಹುರುಪೆ, ಬಾಲದ ತುದಿಗೆ ಮುಳ್ಳು. ಇದರ ಮೈ ತೇವ, ಲೋಳೆ. ವಿಷದ ಹಾವೆಂದು ಹೊಡೆಯಬೇಡಿ. ಫೋಟೊ ತೆಗೆದು, ಕೈ ಒದ್ದೆ ಮಾಡಿಕೊಂಡು, ಅದೇ ಹಸಿ ಮಣ್ಣಿನ ನೆರಳಿಗೆ ಬಿಟ್ಟು ಮೇಲೆ ಎಲೆ ಮುಚ್ಚಿ.