ಕವಡೆಗೆ ಪಾಲಿಶ್ ಹಾಕ್ತಾರಾ?

ಪ್ರಶ್ನೆ: ಮನೆಯಲ್ಲಿ ಅಜ್ಜಿ ಕಾಲದ ಚೌಕಾಬಾರದ ಕವಡೆಗಳಿವೆ. ಇಷ್ಟು ವರ್ಷ ಆಡಿದರೂ ಪಿಂಗಾಣಿ ಹಾಗೆ ಹೊಳೆಯುತ್ತವೆ. ಇವಕ್ಕೆ ಪಾಲಿಶ್ ಮಾಡಿರುತ್ತಾರಾ? (ಹೊಳಲ್ಕೆರೆಯ ಓದುಗರು)

ಇಲ್ಲ. ಆ ಹೊಳಪು ಬಳಿದದ್ದು ಒಳಗಿದ್ದ ಹುಳುವೇ.

ಕವಡೆ ಅಂದರೆ ಸಮುದ್ರದ ಸಣ್ಣ ಬಸವನಹುಳುವಿನ ಚಿಪ್ಪು. ಮಳೆಗಾಲದಲ್ಲಿ ನಮ್ಮ ಹೊಲದ ಬದುವಿನಲ್ಲಿ ಸಿಗುವ ಬಸವನಹುಳುವಿನ ಚಿಪ್ಪು ಮಣ್ಣಿಗೆ, ಕಲ್ಲಿಗೆ ಉಜ್ಜಿ ಮಂಕಾಗಿರುತ್ತದೆ, ಅಲ್ವಾ? ಕವಡೆ ಹುಳುವಿನ ಕಥೆ ಬೇರೆ. ಅದರ ಮೈಯಿಂದ ತೆಳ್ಳಗಿನ ಚರ್ಮ ಸೆರಗಿನ ಹಾಗೆ ಎರಡೂ ಕಡೆಯಿಂದ ಮೇಲೆ ಬಂದು ಚಿಪ್ಪಿನ ಬೆನ್ನನ್ನು ಹೊದ್ದುಕೊಳ್ಳುತ್ತದೆ. ಆ ಸೆರಗೇ ಹೊರಗಿನಿಂದ ಸುಣ್ಣದ ನುಣುಪು ಪದರ ಬಳಿಯುತ್ತಾ ಹೋಗುತ್ತದೆ. ಮುಟ್ಟಿದರೆ ಸರಕ್ಕನೆ ಒಳಗೆ ಎಳೆದುಕೊಳ್ಳುತ್ತದೆ.

ಮರಿಯಾಗಿದ್ದಾಗ ಇದಕ್ಕೂ ಸುರುಳಿ ಕಾಣುತ್ತದೆ, ಬಾಯಿ ಅಗಲ. ಬಲಿತ ಮೇಲೆ ತುಟಿ ಒಳಕ್ಕೆ ಮಡಚಿ ಹಲ್ಲು ಮೂಡುತ್ತವೆ. ಆಮೇಲೆ ಉದ್ದ ಬೆಳೆಯುವುದಿಲ್ಲ, ಚಿಪ್ಪು ದಪ್ಪವಾಗುತ್ತದೆ ಅಷ್ಟೆ. ದಾವಣಗೆರೆಯಲ್ಲಿ ನಾನು ಕೊಂಡ ಎತ್ತಿನ ಕೊರಳಸರದಿಂದ ಒಂದು ಕವಡೆ ಉದುರಿತ್ತು. ಹೊಲಿಯಲೆಂದು ಅದರ ಬೆನ್ನು ಒಡೆದಿದ್ದರು. ತೂತಿನೊಳಗೆ ಇಣುಕಿದರೆ ಸುರುಳಿ ಸುತ್ತು ಹಾಗೇ ಕೂತಿತ್ತು! ಉಚ್ಚಂಗಿದುರ್ಗದ ಜಾತ್ರೆಯಲ್ಲಿ ಜೋಗಮ್ಮಂದಿರ ಕೊರಳಲ್ಲಿ ಕಾಣುವುದೂ ಇದೇ ಚಿಪ್ಪು.

ನಮ್ಮ ಬಯಲುಸೀಮೆಗೆ ಇದು ಕಡಲು ದಾಟಿ ಬಂದ ವಸ್ತು. ಹಿಂದೆ ಹಣವಾಗಿ ಚಲಾವಣೆಯಲ್ಲಿದ್ದ ಕವಡೆ ಮುಖ್ಯವಾಗಿ ಬರುತ್ತಿದ್ದದ್ದು ಮಾಲ್ಡೀವ್ಸ್‌ನಿಂದ. 14ನೇ ಶತಮಾನದಲ್ಲಿ ಅಲ್ಲಿದ್ದ ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತ, ಹುಳುಗಳನ್ನು ಗುಂಡಿಯಲ್ಲಿ ಹೂತು ಮಾಂಸ ಕೊಳೆಸಿ ಬಿಳಿ ಚಿಪ್ಪು ತೆಗೆಯುತ್ತಿದ್ದರು, ಬಂಗಾಳದವರು ಅಕ್ಕಿ ಕೊಟ್ಟು ಅದನ್ನು ಒಯ್ಯುತ್ತಿದ್ದರು ಎಂದು ಬರೆದಿದ್ದಾನೆ. 1758ರಲ್ಲಿ ಜೀವವಿಜ್ಞಾನಿ ಲಿನೇಯಸ್ ಇದಕ್ಕೆ ಇಟ್ಟ ವೈಜ್ಞಾನಿಕ ಹೆಸರಿನಲ್ಲೂ ‘ಮೊನೆಟಾ’ ಇದೆ, ಲ್ಯಾಟಿನ್ನಲ್ಲಿ ನಾಣ್ಯ ಅಂತ. ‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಅಂತ ನಾವು ಸುಮ್ನೆ ಬೈಯುತ್ತೇವೆ. ಸವೆಯದ, ಎಣಿಸಲು ಸುಲಭವಾದ, ಆ ಕಾಲದಲ್ಲಿ ನಕಲಿ ಮಾಡಲಾಗದ ದುಡ್ಡು ಅದು.

ಈಗ ಪ್ಲಾಸ್ಟಿಕ್ ಕವಡೆಗಳೂ ಬಂದಿವೆ. ಅಸಲಿ ಕೈಗೆ ತಣ್ಣಗೆ ತಾಗುತ್ತದೆ, ತೂಕ ಜಾಸ್ತಿ. ಒಡೆದ ಚೂರಿನ ಮೇಲೆ ನಿಂಬೆರಸ ಹಾಕಿದರೆ ಸಣ್ಣ ಗುಳ್ಳೆ ಏಳುತ್ತವೆ. ಅಜ್ಜಿಯ ಕವಡೆ ಮೇಲೆ ಮಾತ್ರ ಈ ಪ್ರಯೋಗ ಬೇಡ, ಬರೀ ನೀರಲ್ಲಿ ತೊಳೆಯಿರಿ. ಹುಳಿ ಬಿದ್ದ ಕಡೆ ಹೊಳಪು ಹೋಗುತ್ತದೆ, ಮತ್ತೆ ಬಳಿಯಲು ಒಳಗೆ ಹುಳುವಿಲ್ಲ.